ಶ್ರವಣವೂ ಸ್ವರರಚನೆಯೂ



ವಿದ್ಯೆಗೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹಿರಿಯರು ಹೇಳಿರುವರು. ದೀಕ್ಷೆಯಲ್ಲಿ ಮಂತ್ರವು ಮೊದಲು ಶಿಷ್ಯನ ಕಿವಿಯಲ್ಲಿ ಉಪದೇಶಿಸಲ್ಪಡುವದು; ನಾಲಗೆಯ ಜಪವು ತರುವಾಯದ್ದು. ಸಂಗೀತಕ್ಕೂ ಇದೇ ಕ್ರಮವು ಸಲ್ಲತಕ್ಕದ್ದು. ಆದರೆ ಮಾಧ್ಯಮಿಕ ಶಾಲೆಗಳಲ್ಲಿ ಈ ಕ್ರಮವು ಅನೇಕ ಸಲ ತಲೆಕೆಳಗಾಗುವದು. ಸಂಗೀತದ ತಾಸಿನಲ್ಲಿ ಒಂದು ಹಾಡನ್ನು ಬಾಯಿಪಾಠ ಮಾಡಿಸಿ, ಉತ್ಸವದ ದಿನ ಒಪ್ಪಿಸಿಬಿಟ್ಟರೆ ಪಾಠವು ಮುಗಿಯಿತು. ಕಂಠವಿದ್ದ ನಾಲ್ಕು ಮಕ್ಕಳು ಮುಂದೆ ನಿಲ್ಲುವರು. ಮಿಕ್ಕವರು ತಮಗೆ ಸಂಗೀತ ಬಾರದೆಂಬ ನಂಬಿಕೆಯನ್ನು ಹೊತ್ತು ಮನೆಗೆ ಹೋಗುವರು. ಆ ನಂಬಿಕೆಯು ಜೀವಮಾನವೆಲ್ಲ ಉಳಿಯುವದರಿಂದ ಇದು ಸಣ್ಣ ಹಾನಿಯಲ್ಲ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು (1886–1952) ಶಿಷ್ಯರಿಗೆ ವಿದ್ಯೆಯನ್ನು ಧಾರೆಯೆರೆದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗುರುಗೃಹದಲ್ಲಿದ್ದ ತರುಣ ಭೀಮಸೇನ ಜೋಶಿಯವರು ಅವರನ್ನು ನಿಲ್ದಾಣದವರೆಗೆ ಕಳುಹಿಸಲು ಹೋಗಿ, ಅಂದಿನ ಪಾಠವೇನೆಂದು ದಾರಿಯಲ್ಲಿ ಕೇಳಿ ತಿಳಿಯುತ್ತಿದ್ದರೆಂಬುದು ಈ ಸೀಮೆಯಲ್ಲಿ ಪ್ರಸಿದ್ಧವಾದ ಮಾತು. ಅಲ್ಲಿ ರಾಗಗಳ ಸಂಖ್ಯೆಗೆ ಬೆಲೆಯಿರಲಿಲ್ಲ. ತೋಡಿ, ಮುಲತಾನಿ, ಪೂರಿಯಾಗಳಂಥ ಕೆಲವೇ ರಾಗಗಳನ್ನು ದೀರ್ಘಕಾಲ ಕೇಳಿ, ತಿದ್ದಿ, ಮತ್ತೆ ಕೇಳುವದೇ ಅಭ್ಯಾಸವಾಗಿತ್ತು.

1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನ ವೀರೇಶ್ವರ ಪುಣ್ಯಾಶ್ರಮವು ಇನ್ನೊಂದು ನಿದರ್ಶನ. ಹಾನಗಲ್ಲ ಕುಮಾರಸ್ವಾಮಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಅಂಧ ಬಾಲಕರಿಗೆ ಅವರು ಸಂಗೀತವನ್ನು ಕಲಿಸಿದರು. ಅವರಲ್ಲೊಬ್ಬರಾದ ಪುಟ್ಟರಾಜ ಗವಾಯಿಗಳು (1914–2010) ಗುರುವಿನ ಕಾರ್ಯವನ್ನು ಮುಂದುವರಿಸಿದರು. ಕಣ್ಣಿನ ನೆರವಿಲ್ಲದೆ ಕಿವಿಯೊಂದರಿಂದಲೇ ಇಷ್ಟು ಸಾಧಿಸಿತೆಂದಮೇಲೆ, ಎರಡೂ ಉಳ್ಳ ಶಾಲೆಯ ಮಕ್ಕಳು ಕಿವಿಯನ್ನು ನಿದ್ದೆಗೆಡಹುವದು ತರವೇ?

ಹಾಗಾದರೆ ಕೇಳುವದನ್ನು ಕಲಿಸುವದು ಹೇಗೆ? 'ಲಕ್ಷ್ಯಕೊಟ್ಟು ಕೇಳಿರಿ' ಎಂದು ಗದರಿಸಿದ ಮಾತ್ರದಿಂದ ಅದು ಬಾರದು. ಕೇಳುವವನಿಗೆ ಒಂದು ಪ್ರಶ್ನೆಯನ್ನು ಕೊಡಬೇಕು. ಭೂಪ ಮತ್ತು ದೇಶಕಾರ ಎರಡಕ್ಕೂ ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು. ಆದರೂ ಅವು ಬೇರೆ ಬೇರೆ ರಾಗಗಳು. ಎರಡನ್ನೂ ಹಾಡಿ ತೋರಿಸಿ, 'ಗಾಯಕನು ಎಲ್ಲಿ ಹೆಚ್ಚು ಹೊತ್ತು ನಿಂತನು?' ಎಂದು ಅಧ್ಯಾಪಕನು ಕೇಳಲಿ. ಭೂಪಕ್ಕೆ ಗಾಂಧಾರವೂ ದೇಶಕಾರಕ್ಕೆ ಧೈವತವೂ ಜೀವಸ್ವರಗಳೆಂಬುದನ್ನು ಮಕ್ಕಳು ತಾವಾಗಿ ಕಂಡುಹಿಡಿಯುವರು. ನವಲಗುಂದದ ಎರೆಯ ಹೊಲದ ಮಗುವಿಗೆ ಕಣದಲ್ಲಿ ಹಾಡುವ ಹಂತಿಯ ಪದವನ್ನು ಹಿರಿಯರಿಂದ ಕೇಳಿಕೊಂಡು ಬರಲು ಹೇಳಲಿ. ಎತ್ತಿನ ನಡೆಗೂ ಪದದ ಲಯಕ್ಕೂ ಇರುವ ನಂಟನ್ನು ಅದು ಪುಸ್ತಕವಿಲ್ಲದೆ ತಿಳಿಯುವದು.

ಕೇಳಿ ಬಲಿತ ಕಿವಿಗೆ ರಚನೆಯು ಕಠಿಣವಲ್ಲ. ಇದಕ್ಕೆ ಶರಣರ ವಚನಗಳಿಗಿಂತ ಉತ್ತಮ ಸಾಮಗ್ರಿಯು ಯಾವುದು? ವಚನಕ್ಕೆ ನಿಯತವಾದ ಛಂದಸ್ಸಿಲ್ಲವಾದ ಕಾರಣ ಧಾಟಿಯನ್ನು ಅರ್ಥದಿಂದಲೇ ಹುಡುಕಬೇಕಾಗುವದು. ಮನಸೂರಿನ ಮಲ್ಲಿಕಾರ್ಜುನರು (1910–1992) ವಚನಗಳನ್ನು ರಾಗದಲ್ಲಿ ಹಾಡಿದಾಗ ಮಾತಿನ ಅರ್ಥವು ಸ್ವರದಲ್ಲಿ ಮುಳುಗದೆ ಬೆಳಗಿತು. ಶಾಲೆಯಲ್ಲಿ ಒಂದು ಚಿಕ್ಕ ವಚನವನ್ನು ಕೊಟ್ಟು, ಮೊದಲು ಓದಿಸಬೇಕು. ಉಸಿರು ಎಲ್ಲಿ ನಿಲ್ಲುವದು, ಯಾವ ಶಬ್ದವು ಭಾರವಾದುದು ಎಂಬುದನ್ನು ಮಕ್ಕಳೇ ಗೊತ್ತುಮಾಡಲಿ. ಬಳಿಕ ಮೂರು ನಾಲ್ಕು ಸ್ವರಗಳಲ್ಲಿಯೇ ಅದನ್ನು ಕೂಡ್ರಿಸಲಿ. ಅಂಕಿತವು ಬಂದಾಗ ಧ್ವನಿಯು ಷಡ್ಜಕ್ಕೆ ಇಳಿದು ವಿಶ್ರಮಿಸಬೇಕೋ, ಮೇಲೇರಿ ಮೊರೆಯಿಡಬೇಕೋ? ಒಂದು ಗುಂಪು ಒಂದು ಬಗೆಯಲ್ಲಿ, ಇನ್ನೊಂದು ಗುಂಪು ಇನ್ನೊಂದು ಬಗೆಯಲ್ಲಿ ಉತ್ತರಿಸುವದು. ಅಧ್ಯಾಪಕನು ಸರಿ-ತಪ್ಪೆಂದು ತೀರ್ಪು ಕೊಡಲು ಅವಸರಪಡದೆ, 'ಮತ್ತೊಮ್ಮೆ ಕೇಳೋಣ, ಕಾರಣವನ್ನು ಹೇಳಿರಿ' ಎನ್ನಲಿ. ಕಂಠವಿಲ್ಲದ ಬಾಲಕನೂ ಇಲ್ಲಿ ತಾಳ ಹಿಡಿಯಬಲ್ಲನು, ನಿಲುಗಡೆಯನ್ನು ಸೂಚಿಸಬಲ್ಲನು, ಧಾಟಿಯನ್ನು ಊಹಿಸಬಲ್ಲನು. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವನಿಗೆ ಸಂಗೀತದ ಬಾಗಿಲು ತೆರೆಯುವದು ಹೀಗೆ.

ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆ ವೇಳೆಯೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ವರ್ಷಕ್ಕೆ ಹತ್ತು ಹಾಡುಗಳನ್ನು ಒಪ್ಪಿಸಿ ಮರೆಯುವದಕ್ಕಿಂತ, ಎರಡನ್ನು ಆಳವಾಗಿ ಕೇಳಿ ಒಂದನ್ನು ತಾವೇ ಕಟ್ಟುವದು ಲೇಸು. ಎಲ್ಲರೂ ಗವಾಯಿಗಳಾಗಲಾರರು, ಆಗಬೇಕಾದುದೂ ಇಲ್ಲ. ಆದರೆ ಚೆನ್ನಾಗಿ ಕೇಳಬಲ್ಲವರು ಊರಲ್ಲಿ ಇಲ್ಲದಿದ್ದರೆ ಗವಾಯಿಗಳು ಹಾಡುವದು ಯಾರಿಗಾಗಿ?

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವನನ್ನು ಬೇಡಿಕೊಂಡವರು. ಅವರ ನುಡಿಯನ್ನು ಕೇಳಿ, ಅರಿತು, ತನ್ನದೊಂದು ಸ್ವರದಲ್ಲಿ ನುಡಿಯುವ ಮಗುವು ಆ ಪರಂಪರೆಗೆ ವಾರಸುದಾರನಾಗುವದು. ಮಠದ ಅಂಗಳದ ಶಾಲೆಗಳಲ್ಲಿ ಈ ಪಾಠವು ಮೊದಲಾಗಲೆಂಬುದೇ ಶ್ರೀಗುರುಚರಣಗಳಲ್ಲಿ ಪ್ರಾರ್ಥನೆ.