ಅವಸರವಾಗಿ ಹೊರಟ ಮರಿಯಮ್ಮ

(ಮಾತೆ ಮರಿಯಮ್ಮನವರ ಸ್ವರ್ಗಾರೋಪಣ ಮಹೋತ್ಸವದಂದು ಚಿಕ್ಕಬಾಣಾವರದಲ್ಲಿ ನೀಡಿದ ಪ್ರಬೋಧನೆ)



ಇಂದು ನಮಗೆ ಎರಡು ಹಬ್ಬ. ಪೂಜೆಯಾದ ಮೇಲೆ ಹೊರಗೆ ಧ್ವಜಾರೋಹಣವಿದೆ. ಮಕ್ಕಳು ಆಗಲೇ ಬಾವುಟ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಾರೆ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟೇ ಆರಂಭಿಸುತ್ತೇನೆ. ಹೋದ ವರ್ಷವೂ ಇದೇ ಮಾತು ಕೊಟ್ಟಿದ್ದೆ ಎಂದು ಕೆಲವರು ನಗುತ್ತಿದ್ದೀರಿ.

1950ರ ನವೆಂಬರ್ 1ರಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಈ ವಿಶ್ವಾಸಸತ್ಯವನ್ನು ಘೋಷಿಸಿದರು. ಮಾತೆ ಮರಿಯಮ್ಮನವರನ್ನು ದೇವರು ಆತ್ಮ ಮತ್ತು ಶರೀರ ಎರಡರೊಡನೆಯೂ ಸ್ವರ್ಗಕ್ಕೆ ಸೇರಿಸಿಕೊಂಡರು. ಆತ್ಮವನ್ನು ಮಾತ್ರವಲ್ಲ. ನೀರು ಹೊತ್ತ ಸೊಂಟ, ಹಿಟ್ಟು ನಾದಿದ ಕೈ, ನಡೆದು ದಣಿದ ಕಾಲು, ಇವೆಲ್ಲ ದೇವರಿಗೆ ಬೇಕಾಗಿದ್ದವು. ಇಂಥ ಹಬ್ಬಕ್ಕೆ ಧರ್ಮಸಭೆ ಆಯ್ದುಕೊಂಡ ಶುಭಸಂದೇಶದಲ್ಲಿ ಮೋಡಗಳಿಲ್ಲ, ದೂತರ ಗಾಯನವೂ ಇಲ್ಲ, ಒಂದು ರಸ್ತೆ ಇದೆ. ಮರಿಯಮ್ಮನವರು ಎದ್ದು ಅವಸರವಾಗಿ ಬೆಟ್ಟದ ಸೀಮೆಗೆ ಹೊರಟರೆಂದು ಸಂತ ಲೂಕರು ಬರೆಯುತ್ತಾರೆ. ನಜರೇತಿನಿಂದ ಎಲಿಜಬೇತಮ್ಮನವರ ಊರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನಮ್ಮ ಚಿಕ್ಕಬಾಣಾವರದಿಂದ ತುಮಕೂರಿಗೆ ಹೋಗಿ ತಿರುಗಿ ಬಂದಷ್ಟು ಎಂದುಕೊಳ್ಳಿ. ಆಗ ರೈಲು ಇರಲಿಲ್ಲ.

ಈ ದಾರಿಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಒಬ್ಬ ತಾಯಿಯ ನೆನಪಾಗುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ನಾನು ಹೇಳುತ್ತಿಲ್ಲ. ಅವರು ನನ್ನೊಡನೆ ಮಾತಾಡಿದ್ದು ದೇವಾಲಯದ ಮೆಟ್ಟಿಲ ಮೇಲೆ, ಮತ್ತು ಹೆಸರಿಲ್ಲದೆ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಬೆಳಿಗ್ಗೆ ಏಳಲಾಗುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಮಕ್ಕಳಿಗೆ ಡಬ್ಬಿ ಕಟ್ಟುವಷ್ಟರಲ್ಲಿ ದಿನ ಮುಗಿದುಹೋದಂತಾಗುತ್ತದೆ ಎಂದರು. ನಾನು ಏನು ಹೇಳಿದೆ ಗೊತ್ತೇ? ಒಂಬತ್ತು ದಿನ ನವೇನ ಮಾಡಿ, ಸರಿಹೋಗುತ್ತದೆ ಎಂದೆ. ಅವರು ಒಂದು ದಿನವೂ ತಪ್ಪಿಸದೆ ಮಾಡಿದರು. ಹತ್ತನೆಯ ದಿನ ಬಂದು ನಿಂತರು: "ಫಾದರ್, ಏನೂ ಆಗಲಿಲ್ಲ. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು."

ಸಹೋದರ ಸಹೋದರಿಯರೇ, ಆಕೆಗಿದ್ದ ಭಾರದ ಮೇಲೆ ನಾನು ಇನ್ನೊಂದು ಕಲ್ಲು ಇಟ್ಟಿದ್ದೆ. ನವೇನ ತಪ್ಪಲ್ಲ. ಜ್ವರ ಬಂದವರಿಗೆ ಪ್ರಾರ್ಥನೆಯೊಂದನ್ನೇ ಹೇಳಿ ಯಾರೂ ಮನೆಗೆ ಕಳಿಸುವುದಿಲ್ಲ, ಡಾಕ್ಟರ ಹತ್ತಿರವೂ ಕಳಿಸುತ್ತೇವೆ. ಅಷ್ಟನ್ನೂ ನಾನು ಮಾಡಲಿಲ್ಲ.

ಎಲೀಯ ಪ್ರವಾದಿಯ ಕಥೆ ನಿಮಗೆ ಗೊತ್ತು. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಮಹಾಪುರುಷ. ಅಂದು ಸುರಿಯುವ ಮಳೆಯಲ್ಲಿ ಅರಸ ಆಹಾಬನ ರಥದ ಮುಂದೆ ಇಜ್ರೇಲಿನವರೆಗೂ ಓಡಿದ. ಆಮೇಲೆ ಬಂದದ್ದು ರಾಣಿಯ ಬೆದರಿಕೆ. ಅದೇ ಮನುಷ್ಯ ಅಡವಿಯ ಒಂದು ಜಾಲಿಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವರು ಅವನನ್ನು ಬೈಯಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ದೂತ ಬಂದ. ಅದಾದ ಮೇಲೇ ಎಲೀಯ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ್ದು. ನಿದ್ದೆ, ಊಟ, ಮುಟ್ಟಿ ಎಬ್ಬಿಸುವ ಒಂದು ಕೈ, ಆಮೇಲೆ ನಡಿಗೆ. ದೇವರ ಔಷಧಿ ಚೀಟಿಯಲ್ಲಿ ಇದ್ದದ್ದು ಇಷ್ಟು.

ಕರ್ಮೆಲ್ ಎಂದಾಗ ಇನ್ನೊಬ್ಬರ ನೆನಪಾಯಿತು. ನಮ್ಮ ಬೆಂಗಳೂರಿನಲ್ಲೇ ಬೆಳೆದು, ಸೋಫಿಯಾ ಶಾಲೆಯಲ್ಲೂ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲೂ ಓದಿದ ದೀಪಿಕಾ ಪಡುಕೋಣೆ. ಪ್ರಬೋಧನೆಯಲ್ಲಿ ಸಿನಿಮಾ ನಟಿಯೇ ಎಂದು ಹಿರಿಯರು ಹುಬ್ಬೇರಿಸಬೇಡಿ. ಬ್ಯಾಡ್ಮಿಂಟನ್ ಆಡಿ ಗಟ್ಟಿಯಾದ ಮೈ, ಕೈತುಂಬ ಕೆಲಸ, ಮೇಲಿಂದ ಮೇಲೆ ಗೆಲುವು. ಹೀಗಿದ್ದೂ 2014ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೊಟ್ಟೆಯೊಳಗೆ ಏನೋ ಖಾಲಿಯಾದಂತೆ ಎದ್ದರು. ಅದನ್ನು ಕಂಡುಹಿಡಿದವರು ತಾಯಿ ಉಜ್ಜಲಾ. ಮಗಳ ಮನೆಗೆ ಬಂದಿದ್ದ ತಂದೆತಾಯಿ ಊರಿಗೆ ಹೊರಡುವ ಹೊತ್ತಿಗೆ ಮಗಳು ಅತ್ತರು. ಕೆಲಸದ ತೊಂದರೆಯೇ, ಬೇರೇನಾದರೂ ಇದೆಯೇ ಎಂದು ತಾಯಿ ಕೇಳಿದರು. ಮಗಳ ಬಳಿ ಕಾರಣ ಇರಲಿಲ್ಲ. ಇದು ನಮ್ಮಿಂದಾಗುವುದಿಲ್ಲ, ತಿಳಿದವರ ಸಹಾಯ ಬೇಕು ಎಂದು ಆ ತಾಯಿಗೆ ಹೊಳೆಯಿತು. ನನಗಿಂತ ಜಾಣೆ ಆಕೆ! ಬೆಂಗಳೂರಿನ ಆಪ್ತಸಮಾಲೋಚಕಿ ಅನ್ನಾ ಚಾಂಡಿಯವರ ನೆರವು ದೊರೆಯಿತು, ಮನೋವೈದ್ಯರ ಔಷಧಿಯೂ ನಡೆಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ಕಥೆ. 2015ರಲ್ಲಿ ಅವರು ದೇಶದ ಮುಂದೆ ಬಾಯಿಬಿಟ್ಟು ಹೇಳಿದರು, ಅದೇ ವರ್ಷ 'ಲಿವ್ ಲವ್ ಲಾಫ್' ಎಂಬ ಸಂಸ್ಥೆ ಕಟ್ಟಿದರು. ಸಂಸ್ಥೆಯ ಗ್ರಾಮೀಣ ಕೆಲಸ ಆರಂಭವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಮಾನಸಿಕ ಕಾಯಿಲೆಯವರನ್ನು ಮನೆಯೊಳಗೇ ಬಚ್ಚಿಟ್ಟಿದ್ದ ಕುಟುಂಬಗಳನ್ನು ಹುಡುಕಿ, ರೋಗಿಗಳನ್ನು ವೈದ್ಯರ ಬಳಿಗೆ ತಲುಪಿಸುವುದು, ಅವರನ್ನು ನೋಡಿಕೊಳ್ಳುವವರನ್ನು ಒಟ್ಟುಗೂಡಿಸುವುದು. ಎಲಿಜಬೇತಮ್ಮನ ಮನೆ ಹುಡುಕಿ ಹೋಗುವ ಕೆಲಸವೇ ಅಲ್ಲವೇ?

ಲಂಡನ್ನಿನಲ್ಲಿ ಬ್ರಯೋನಿ ಗಾರ್ಡನ್ ಎಂಬ ಪತ್ರಕರ್ತೆ. ಎಳೆಯ ವಯಸ್ಸಿನಿಂದ ಗೀಳುರೋಗ, ಜೊತೆಗೆ ಖಿನ್ನತೆ. 2016ರಲ್ಲಿ ತನ್ನಂಥವರನ್ನು ಉದ್ಯಾನವನಕ್ಕೆ ಕರೆದು, ಸುಮ್ಮನೆ ಜೊತೆಯಾಗಿ ನಡೆಯೋಣ ಎಂದು ಹೊರಟರು. ಅದು 'ಮೆಂಟಲ್ ಹೆಲ್ತ್ ಮೇಟ್ಸ್' ಎಂಬ ಬಳಗವಾಗಿ ಹಲವು ಊರುಗಳಿಗೆ ಹರಡಿತು. ಮರುವರ್ಷ ಅವರು 42 ಕಿಲೋಮೀಟರ್‌ಗಳ ಲಂಡನ್ ಮ್ಯಾರಥಾನ್ ಓಡಿ ಮುಗಿಸಿದರು. ಸಪೂರ ಮೈಯ ಓಟಗಾರ್ತಿಯಲ್ಲ, ನಮ್ಮ ನಿಮ್ಮಂಥ ಮೈಯವರೇ.

ಓಡಿದರೆ ಖಿನ್ನತೆ ಹೋಗುತ್ತದೆಯೇ? 2023ರಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ಖಿನ್ನತೆ ಅಥವಾ ಆತಂಕದಿಂದ ಬಳಲುತ್ತಿದ್ದ 141 ಜನರ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಮಾತ್ರೆ, ಕೆಲವರಿಗೆ ಗುಂಪಿನಲ್ಲಿ ಓಟ, 16 ವಾರ. ಎರಡೂ ಕಡೆ ಸುಮಾರು 44ರಷ್ಟು ಶೇಕಡಾ ಜನ ಸುಧಾರಿಸಿದರು. ಮಾತ್ರೆಯನ್ನು ಕೊನೆಯವರೆಗೂ ಪಾಲಿಸಿದವರು ಶೇಕಡಾ 82, ಓಟವನ್ನು ಪಾಲಿಸಿದವರು 52 ಮಾತ್ರ. ಮಾತ್ರೆ ನುಂಗುವುದು ಸುಲಭ, ಚಪ್ಪಲಿ ಮೆಟ್ಟಿ ಬಾಗಿಲು ದಾಟುವುದು ಕಷ್ಟ. ಇದನ್ನು ಕೇಳಿ ಯಾರೂ ಮನೆಗೆ ಹೋಗಿ ಮಾತ್ರೆ ಬಿಸಾಡಬೇಡಿ. ಡಾಕ್ಟರು ಹೇಳುವವರೆಗೂ ನಿಲ್ಲಿಸಬಾರದು.

2015–16ರಲ್ಲಿ ನಮ್ಮ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಂಡವರು. ಈ ದೇವಾಲಯದಲ್ಲಿ ಮೂರು ನಾಲ್ಕು ಬೆಂಚಿಗೆ ಒಬ್ಬರಾಯಿತು. ನಮ್ಮ ಸುತ್ತಲಿನ ನರ್ಸಿಂಗ್ ಕಾಲೇಜುಗಳಿಗೆಂದು ದೂರದ ಊರುಗಳಿಂದ ಬಂದು, ಬಾಡಿಗೆ ಕೋಣೆಗಳಲ್ಲಿರುವ ಮಕ್ಕಳೂ ಈ ಲೆಕ್ಕದಲ್ಲಿದ್ದಾರೆ. ಅವರಲ್ಲಿ ಕೆಲವರು ಈಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೀರಿ.

ಒಂದು ನೋವಿನ ಮಾತನ್ನೂ ಹೇಳಲೇಬೇಕು. ಈ ಕಾಯಿಲೆಯಲ್ಲಿ ಜೀವ ಕಳೆದುಕೊಂಡವರ ಮನೆಯವರು ವರ್ಷಗಟ್ಟಲೆ ತಲೆತಗ್ಗಿಸಿ ಹಿಂದೆ ಕುಳಿತದ್ದನ್ನು ಕಂಡಿದ್ದೇನೆ. ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ 1917ರ ಕಾನೂನು ಅಂತ್ಯಸಂಸ್ಕಾರ ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಮನೋವ್ಯಾಧಿಯಲ್ಲಿ ಹೊಣೆ ಕುಗ್ಗುತ್ತದೆ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ನಮ್ಮ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ನಿಮ್ಮ ಮನೆಯಲ್ಲಿ ಅಂಥ ಸಾವಾಗಿದ್ದರೆ, ಅವರ ಹೆಸರಿಗೆ ಪೂಜೆ ಬರೆಸಿ. ಆ ಹೆಸರನ್ನು ಪೂಜೆಯಲ್ಲಿ ನಾನು ಗಟ್ಟಿಯಾಗಿ ಓದುತ್ತೇನೆ.

ಆ ತಾಯಿಯ ಕಥೆ ಮುಗಿದಿಲ್ಲ. ಹತ್ತನೆಯ ದಿನ ನನಗೆ ಬುದ್ಧಿ ಬಂದು, ಡಾಕ್ಟರರ ಬಳಿ ಹೋಗಲು ಹೇಳಿದೆ. ಔಷಧಿ ಕೊಟ್ಟರು, ದಿನಾ ನಡೆಯಿರಿ ಎಂದರು. ಔಷಧಿ ನುಂಗಿದರು, ನಡೆಯಲಿಲ್ಲ. ಪಕ್ಕದ ಮನೆಯ ಅಕ್ಕ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿಯತೊಡಗಿದರು. ಮೊದಲ ವಾರ ಬೈಗುಳ ಸಿಕ್ಕಿತಂತೆ. ಆ ಅಕ್ಕ ನಮ್ಮವರಲ್ಲ, ಶುಕ್ರವಾರ ಅಣ್ಣಮ್ಮನ ಗುಡಿಗೆ ಹೋಗುವವರು. ಜಾಲಿಗಿಡದ ದೂತ ಯಾವ ರೂಪದಲ್ಲಿ ಬರುತ್ತಾನೆಂದು ಯಾರಿಗೆ ಗೊತ್ತು? ಇಬ್ಬರೂ ಸ್ಟೇಷನ್ ರಸ್ತೆಯ ತುದಿಯವರೆಗೆ ನಡೆದರು, ಆಮೇಲೆ ಇನ್ನೂ ದೂರ. ತಿಂಗಳುಗಳಾದ ಮೇಲೆ ಒಂದು ದಿನ ಮಳೆ ಬಂತೆಂದು ಓಡಿದರು. ಓಡಿದ್ದು ಹಿತವಾಯಿತು, ಮರುದಿನ ಮಳೆಯಿಲ್ಲದೆಯೂ ಓಡಿದರು. ಈಗ ಏಳು ಮಂದಿ ಹೆಂಗಸರಿದ್ದಾರೆ. ಕಷ್ಟದ ದಿನಗಳು ಆ ತಾಯಿಗೆ ಈಗಲೂ ಬರುತ್ತವೆ. ಅಂದು ಓಟವಿಲ್ಲ, ಆರೂ ಜನ ಬಂದು ಅವರ ಮನೆಯಲ್ಲಿ ಕಾಫಿ ಕುಡಿದು ಹೋಗುತ್ತಾರೆ.

ವೇಳಾಂಗಣಿಗೆ ಕಾವಿಬಟ್ಟೆ ತೊಟ್ಟು ನಡೆದುಹೋಗುವವರು ನಮ್ಮಲ್ಲಿದ್ದಾರೆ. ನಡಿಗೆ ನಮಗೇನೂ ಹೊಸದಲ್ಲ. ಆ ಏಳು ಮಂದಿ ಇಂದು ನನ್ನ ಕೈಲಿ ಒಂದು ಚೀಟಿ ಕೊಟ್ಟಿದ್ದಾರೆ, ಓದುತ್ತೇನೆ. ನಾಳೆ ಬೆಳಿಗ್ಗೆ ಐದೂವರೆಗೆ ದೇವಾಲಯದ ಗೇಟಿನ ಬಳಿ. ಸೀರೆಯಾದರೂ ಸರಿ, ಚೂಡಿದಾರವಾದರೂ ಸರಿ. ಬೂಟು ಬೇಕೆಂದಿಲ್ಲ. ಮನೆಯಿಂದ ಹೊರಬರಲಾಗದವರಿದ್ದರೆ ವಿಳಾಸ ಹೇಳಿ, ನಾವೇ ಬಂದು ಬಾಗಿಲು ಬಡಿಯುತ್ತೇವೆ. ಕೊನೆಗೆ ಒಂದು ನಂಬರ್ ಬರೆದಿದ್ದಾರೆ, ಟೆಲಿಮನಸ್, 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಈಗ ವಿಶ್ವಾಸ ಪ್ರಕಟಣೆಗಾಗಿ ಎಲ್ಲರೂ ಎದ್ದು ನಿಲ್ಲೋಣ.