ಎರಡು ಪೀಸಿಗೆ ನಿಂತ ಬಿಲ್ಲು

ಇವತ್ತು ರಾಜಕಾರಣ ಬೇಡ. ಒಂದು ಬಿಲ್ಲಿನ ಕಥೆ ಹೇಳ್ತೀನಿ.

ನನ್ನ ಜೊತೆ ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಹುಬ್ಬಳ್ಳಿಯ ತಾರಿಹಾಳದಲ್ಲಿ ಶೆಡ್ ಬಾಡಿಗೆಗೆ ಹಿಡಿದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ತಯಾರಿಸ್ತಾನೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ರೈತ ಹೊಲಕ್ಕೆ ಓಡಬೇಕಿಲ್ಲ, ಮಲಗಿದಲ್ಲಿಂದಲೇ ಫೋನ್ ಮಾಡಿ ಮೋಟರ್ ಚಾಲೂ ಮಾಡಬಹುದು. ಆರು ಜನ ಕೆಲಸಗಾರರು. ಮಾಲು ಚೆನ್ನಾಗಿದೆ ಅಂತ ಬೆಂಗಳೂರಿನ ಒಂದು ದೊಡ್ಡ ಕಂಪನಿ 200 ಪೀಸಿಗೆ ಆರ್ಡರ್ ಕೊಟ್ಟಿತು. ಒಂದಕ್ಕೆ 4,500 ರೂಪಾಯಿ. 9 ಲಕ್ಷದ ಬಿಲ್ಲು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅವತ್ತು ಅವರ ಮನೇಲಿ ಹೋಳಿಗೆ ಮಾಡಿದ್ದರಂತೆ.

ಏಳು ತಿಂಗಳಾದ ಮೇಲೆ ಫೋನ್ ಮಾಡಿದ. ‘ದೋಸ್ತ, ಬಿಲ್ ಪಾಸ್ ಆಗವಲ್ದೋ. ಯಾವಾಗ ಕೇಳಿದ್ರೂ ಮುಂದಿನ ವಾರ ಅಂತಾರ. ನಿನಗ ಮಿನಿಸ್ಟರ್‌ಗೋಳೆಲ್ಲ ಗೊತ್ತಲ್ಲ, ಯಾರಿಂದರೆ ಒಂದ್ ಮಾತು ಹೇಳಿಸು.’ ಹೆಂಡತಿಯ ಬಂಗಾರ ಬ್ಯಾಂಕಿನಲ್ಲಿತ್ತು. ಅದಕ್ಕಿಂತ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ಬಾರದ ದುಡ್ಡಿಗೆ ಅವನು 1 ಲಕ್ಷ 62 ಸಾವಿರ ರೂಪಾಯಿ ಜಿಎಸ್‌ಟಿ ಕಟ್ಟಿ ಕೂತಿದ್ದ. ಬಿಲ್ಲು ಬರೆದ ಮರುತಿಂಗಳೇ ತೆರಿಗೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಅಂತ ಸರ್ಕಾರ ಕೇಳಲ್ಲ.

ನಾನು ನನ್ನ ಬುದ್ಧಿಗೆ ತಕ್ಕ ಹಾಗೆ ಹೇಳಿದೆ, ‘ಅರ್ಧ ಗಂಟೆ ಪ್ರೋಗ್ರಾಂ ಮಾಡೋಣ, ಕಂಪನಿ ಹೆಸರು ಹಾಕಿ ಕೇಳೋಣ.’ ಅವನು ಗಾಬರಿಯಾದ. ‘ಬ್ಯಾಡಪಾ, ಟೀವ್ಯಾಗ ಬಂದ್ರ ಇರೋ ಆರ್ಡರೂ ಹೊಕ್ಕಾವು.’ ಸರಿಯಾಗೇ ಹೇಳಿದ. ಟಿವಿಯವರಿಗೆ ಎಲ್ಲ ರೋಗಕ್ಕೂ ಒಂದೇ ಮಾತ್ರೆ.

ಕೊನೆಗೆ ಕೆಲಸ ಆಗಿದ್ದು ಎಲ್ಲಿಂದ? ಒಂದು ಶನಿವಾರ ರಾತ್ರಿ, ಒಂದು ಆನ್‌ಲೈನ್ ಮೀಟಿಂಗಿನಿಂದ. ಸಣ್ಣ ಉದ್ಯಮ ಶುರು ಮಾಡಿದ ಹದಿನೈದು ಇಪ್ಪತ್ತು ಜನ ಸೇರ್ತಾರೆ, ಪ್ರತಿ ವಾರ ಒಬ್ಬ ಅನುಭವಸ್ಥರನ್ನ ಕರೀತಾರೆ. ಫೀಸು ಗೀಸು ಏನಿಲ್ಲ. ಅವತ್ತು ಬಂದವರು ಮೂವತ್ತು ವರ್ಷ ದೊಡ್ಡ ಫ್ಯಾಕ್ಟರಿಯೊಂದರಲ್ಲಿ ಪರ್ಚೇಸ್ ಮ್ಯಾನೇಜರ್ ಆಗಿ ನಿವೃತ್ತರಾದ ಹಿರಿಯರು. ಅಂದರೆ ಮೇಜಿನ ಆ ಕಡೆ ಕೂತು ಇಂಥ ಬಿಲ್ಲುಗಳನ್ನು ತಡೆದವರು! ನನ್ನ ಗೆಳೆಯ ಗೋಳು ತೋಡಿಕೊಂಡ. ಅವರು ಸಮಾಧಾನ ಹೇಳಲಿಲ್ಲ. ‘ಜಿಆರ್‌ಎನ್ ನಂಬರ್ ಎಷ್ಟು?’ ಅಂತ ಕೇಳಿದರು.

ಇವನಿಗೆ ಜಿಆರ್‌ಎನ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ, ನಾಲ್ಕು ವರ್ಷದ ಎಂಜಿನಿಯರಿಂಗಿನಲ್ಲಿ ಒಂದು ದಿನವೂ ಅದರ ಸುದ್ದಿ ಬರಲಿಲ್ಲ. ಮಾಲು ಸ್ಟೋರಿಗೆ ಬಂದಾಗ ಕಂಪನಿಯವರು ಎಣಿಸಿ, ಪರೀಕ್ಷೆ ಮಾಡಿ ಬರೆಯುವ ಚೀಟಿ ಅದು. ಆರ್ಡರ್, ಆ ಚೀಟಿ, ನಮ್ಮ ಬಿಲ್ಲು, ಮೂರೂ ಕಂಪ್ಯೂಟರಿನಲ್ಲಿ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಬಿಲ್ಲು ಅಲ್ಲೇ ನಿಲ್ಲುತ್ತೆ. ಯಾರೂ ನಿಲ್ಲಿಸಿರಲ್ಲ, ತಾನೇ ನಿಂತಿರುತ್ತೆ.

ಸೋಮವಾರ ಇವನು ಸ್ಟೋರಿಗೆ ಫೋನ್ ಮಾಡಿ ಕೇಳಿದ. ಚೀಟಿಯಲ್ಲಿ 198 ಇತ್ತು. ಎರಡು ಪೀಸು ರಿಜೆಕ್ಟ್ ಆಗಿ ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದವು. 9 ಸಾವಿರದ ಮಾಲಿಗೆ 9 ಲಕ್ಷ ನಿಂತಿತ್ತು! ಏಳು ತಿಂಗಳು ಇವನು ಬೇಡಿಕೊಂಡಿದ್ದು ಪರ್ಚೇಸಿನ ಹುಡುಗನನ್ನ. ಪಾಪ, ಆ ಹುಡುಗನಿಗೂ ಗೊತ್ತಿರಲಿಲ್ಲ.

ಹಿರಿಯರು ಇನ್ನೂ ಎರಡು ಮಾತು ಹೇಳಿದ್ದರು. ಒಂದು, ಎರಡು ಪೀಸಿಗೆ ಕ್ರೆಡಿಟ್ ನೋಟ್ ಕೊಟ್ಟು ಕೈ ತೊಳ್ಕೊ, ವಾದ ಮಾಡಬೇಡ. ಎರಡು, ಅಕೌಂಟ್ಸ್ ವಿಭಾಗಕ್ಕೆ ಮೇಲ್ ಬರಿ, ಕೆಳಗೆ ನಿನ್ನ ಉದ್ಯಮ್ ನೋಂದಣಿ ಸಂಖ್ಯೆ ಹಾಕು. ಯಾಕೆ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಂದ ಮಾಲು ತಗೊಂಡವರು, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇದು ಹಳೇ ಕಾನೂನು, ಯಾರೂ ಹೆದರುತ್ತಿರಲಿಲ್ಲ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಯಲ್ಲೂ ಒಂದು ಕೊಕ್ಕೆ ಬಂತು. ಗಡುವು ಮೀರಿದರೆ, ದುಡ್ಡು ನಿಜವಾಗಿ ಕೊಡೋ ವರ್ಷದವರೆಗೆ ಆ ಕಂಪನಿ ಅದನ್ನು ತನ್ನ ಖರ್ಚು ಅಂತ ತೋರಿಸೋ ಹಾಗಿಲ್ಲ. ಅಕೌಂಟ್ಸಿನವರು ಓಡೋದು ಇದಕ್ಕೆ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರದ ಪೋರ್ಟಲ್ ಬಿಟ್ಟು ಬೇರೆ ಕಡೆ ಹೋಗಿ ದುಡ್ಡು ಸುರೀಬೇಡಿ. ಮಾಲು ಕೊಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಹತ್ತೊಂಬತ್ತನೇ ದಿನ ದುಡ್ಡು ಬಂತು, ಎರಡು ಪೀಸಿನದು ಕಳೆದು. ಬಡ್ಡಿ ಕೇಳಿದ್ಯೇನೋ ಅಂದೆ. ‘ಮುಂದಿನ ಆರ್ಡರ್ ಬೇಕಲ್ಲಪಾ’ ಅಂದ. ಹಕ್ಕಿಗೂ ಹೊಟ್ಟೆಗೂ ನಡುವೆ ಸಣ್ಣ ಉದ್ಯಮಿ ಹೀಗೇ ಬದುಕೋದು. ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಈಗ ನನ್ನ ಪ್ರಶ್ನೆ. ಆ ಹಿರಿಯರು ಕೊಟ್ಟಿದ್ದು ಒಂದು ಗಂಟೆ. ಆ ಒಂದು ಗಂಟೆ ನಮ್ಮ ಹುಡುಗರಿಗೆ ಸಿಗೋದು ಯಾಕೆ ಇಷ್ಟು ಕಷ್ಟ?

ಇದು ಹೊಸ ವಿಚಾರ ಏನಲ್ಲ. ಬೆಂಗಳೂರಿನಲ್ಲೇ ಐಸ್ಪಿರಿಟ್ ಅನ್ನೋ ಸ್ವಯಂಸೇವಕರ ಸಂಸ್ಥೆ 2013ರಿಂದ ಇದನ್ನ ಮಾಡ್ತಾ ಬಂದಿದೆ. ಒಬ್ಬ ಅನುಭವಿ ಉದ್ಯಮಿಯ ಸುತ್ತ ಒಂದಷ್ಟು ಹೊಸಬರನ್ನು ಕೂರಿಸಿ, ಭಾಷಣ ಇಲ್ಲದೆ ಲೆಕ್ಕ ಬಿಚ್ಚಿಟ್ಟು ಮಾತಾಡೋದು. ಆದರೆ ಅದು ಸಾಫ್ಟ್‌ವೇರ್ ಉತ್ಪನ್ನ ಮಾಡುವವರ ಲೋಕ. ಅಮೆರಿಕದ ವೈ ಕಾಂಬಿನೇಟರ್ ತನ್ನ ಪಾಠಗಳನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಕೇಂದ್ರ ಸರ್ಕಾರ 2023ರಲ್ಲಿ ‘ಮಾರ್ಗ್’ ಅಂತ ಪೋರ್ಟಲ್ ತಂದಿತು, ಹೊಸ ಉದ್ಯಮಿಗಳನ್ನೂ ಮಾರ್ಗದರ್ಶಕರನ್ನೂ ಜೋಡಿಸೋದಕ್ಕೆ. ನಮ್ಮ ರಾಜ್ಯದ ಸ್ಟಾರ್ಟಪ್ ನೀತಿ 2015ರಷ್ಟು ಹಿಂದಿನದು. ಎಲ್ಲ ಇದೆ. ಇಂಗ್ಲಿಷಿನಲ್ಲಿ ಪಿಚ್ ಡೆಕ್ ಮಾಡಿ ನಿಂತವನಿಗೆ ದಾರಿ ತೋರಿಸೋರು ಹತ್ತು ಜನ ಇದ್ದಾರೆ. ‘ಸಾರ್, ನನ್ನ ಬಿಲ್ಲು ಯಾಕೆ ನಿಂತಿದೆ’ ಅಂತ ಕನ್ನಡದಲ್ಲಿ ಕೇಳೋನಿಗೆ?

ಅವನಿಗೆ ಸಿಗೋದು ವಾಟ್ಸಾಪ್. 2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿತು. ಬೆಂಗಳೂರಿನ ಬೀದಿ ಬೀದಿಯಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಓನ್ಲಿ ಕ್ಯಾಶ್’ ಬೋರ್ಡ್ ಹಾಕಿದರು. ಆ ಬುದ್ಧಿ ಹೇಳಿದ್ದು ಯಾರು? ಹೆಸರಿಲ್ಲದ ಒಂದು ಫಾರ್ವರ್ಡ್. ಅಲ್ಲ ಸ್ವಾಮಿ, ಲೆಕ್ಕ ಇರೋದು ಒಟ್ಟು ವಹಿವಾಟಿಗೆ. ಸರಕಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ದುಡ್ಡು ಗಲ್ಲಾಪೆಟ್ಟಿಗೆಗೆ ಬಂದರೂ ಅಷ್ಟೇ, ಫೋನಿಗೆ ಬಂದರೂ ಅಷ್ಟೇ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಅದಷ್ಟನ್ನೇ ಮಾರುವವನಿಗೆ ನೋಂದಣಿಯೂ ಬೇಡ. ಇಷ್ಟನ್ನು ಒಬ್ಬ ಲೆಕ್ಕಪರಿಶೋಧಕರು ಹತ್ತು ನಿಮಿಷ ಕನ್ನಡದಲ್ಲಿ, ತಮ್ಮ ಹೆಸರು ಹಾಕಿ ಹೇಳಿದ್ದರೆ ಎಷ್ಟು ಜನ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದರು! ಹೆಸರು ಹಾಕಿ ಹೇಳೋನು ತಪ್ಪಾದರೆ ನಾಳೆ ಉತ್ತರ ಕೊಡಬೇಕು. ಫಾರ್ವರ್ಡಿಗೆ ಆ ತಲೆನೋವಿಲ್ಲ.

ನಮ್ಮ ತಪ್ಪೂ ಇದೆ, ಮುಚ್ಚಿಡಲ್ಲ. ನಾವು ಚಾನೆಲ್‌ನವರು ಉದ್ಯಮಿಗಳನ್ನ ಕರೆದು ಕೂರಿಸ್ತೀವಿ. ‘ಶೂನ್ಯದಿಂದ ಕೋಟಿಗೆ’ ಅಂತ ಕೆಳಗೆ ಪಟ್ಟಿ ಓಡಿಸ್ತೀವಿ. ಅವರ ಅಮ್ಮ ಏನು ಹೇಳಿದರು, ಮೊದಲ ಕಾರು ಯಾವುದು ಅಂತ ಕೇಳ್ತೀವಿ. ಮೊದಲನೇ ವರ್ಷ ಯಾರು ದುಡ್ಡು ಕೊಡಲಿಲ್ಲ, ಹೇಗೆ ವಸೂಲಿ ಮಾಡಿದ್ರಿ, ಸಂಬಳದ ದಿನ ಏನು ಮಾಡಿದ್ರಿ ಅಂತ ನಾನು ಒಂದು ಸಲವೂ ಕೇಳಿಲ್ಲ. ಟಿಆರ್‌ಪಿ ಬರಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಆ ಶನಿವಾರದ ಮೀಟಿಂಗಿಗೆ ಕಳೆದ ವಾರ ನಾನೂ ಸೇರಿದ್ದೆ, ಕ್ಯಾಮೆರಾ ಆಫ್ ಮಾಡಿಕೊಂಡು. ಈ ಸಲ ಉತ್ತರ ಹೇಳೋ ಜಾಗದಲ್ಲಿ ನನ್ನ ಗೆಳೆಯ ಕೂತಿದ್ದ. ಶಿರಸಿ ಕಡೆಯಿಂದ ಹಲಸಿನ ಹಪ್ಪಳ ಮಾಡೋ ಒಬ್ಬ ಹೆಣ್ಣುಮಗಳು ಕೇಳಿದಳು, ‘ಅಣ್ಣ, ಅಂಗಡಿಯವರು ಮಾಲು ಇಟ್ಟು ಹೋಗಿ, ಮಾರಾಟ ಆದ್ಮೇಲೆ ದುಡ್ಡು ಕೊಡ್ತೇವೆ ಅಂತಾರೆ. ಕೊಡ್ಲೋ ಬೇಡ್ವೋ?’ ಇವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ತಂಗಿ, ಅಂಗಡಿ ವ್ಯವಹಾರ ನನಗ ತಿಳಿಯಂಗಿಲ್ಲ. ತಪ್ಪು ಹೇಳೋದು ಬ್ಯಾಡ. ಉಪ್ಪಿನಕಾಯಿ ಮಾಡಿ ಅಂಗಡಿಗೆ ಹಾಕೋರು ಒಬ್ಬರದಾರ, ಬರೋ ಶನಿವಾರ ಕರಸ್ತೀನಿ. ಅಲ್ಲೀತನಕ ಯಾವ ಅಂಗಡ್ಯಾಗ ಎಷ್ಟು ಪ್ಯಾಕೆಟ್ ಇಟ್ಟೀ ಅನ್ನೋದನ್ನ ಬರದಿಡು, ಅವರ ಸಹಿ ತಗೋ.’

ಆಕೆ ‘ಸಹಿ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರೇನೋ’ ಅಂದಳು. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೀತು. ಬರೋ ಶನಿವಾರ ರಾತ್ರಿ ಎಂಟಕ್ಕೆ ನಾನು ಸ್ಟುಡಿಯೋದಲ್ಲಿ ಇರಲ್ಲ, ರಜೆ ಹಾಕಿದ್ದೀನಿ.