ದೂರದ ಸರ್ವರ್, ಕೈಯಲ್ಲಿರುವ ಕೀಲಿಕೈ



ಮಕ್ಕಳ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಮನೆ ವಿಳಾಸ ಇವೆಲ್ಲ ಈಗ ಆಫೀಸಿನ ಬೀರುವಿನಲ್ಲಷ್ಟೇ ಇರುವುದಿಲ್ಲ. ಎಲ್ಲೋ ದೂರದಲ್ಲಿ ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್‌ನಲ್ಲೂ ಇರುತ್ತವೆ. ಅದರೊಳಗೆ ‘ರೂಟ್’ ಎಂಬ ಬಳಕೆದಾರನಿದ್ದಾನೆ. ಅವನಿಗೆ ಮುಚ್ಚಿದ ಕಡತವಿಲ್ಲ. ಅವನು ಅಳಿಸೆಂದರೆ ಅಳಿಸಿತು, ಅಷ್ಟೇ. ಇಂಥವನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನಾಲ್ಕು ಜನ ಹಂಚಿಕೊಂಡರೆ, ನಾಳೆ ಒಂದು ಕಡತ ಕಾಣೆಯಾದಾಗ ಯಾರನ್ನು ಕೇಳುತ್ತೀರಿ?

ಹಿಂದೆ ದೂರದ ಯಂತ್ರಕ್ಕೆ ಟೆಲ್‌ನೆಟ್ ಮೂಲಕ ಹೋಗುತ್ತಿದ್ದರು. ಅದರಲ್ಲಿ ಪಾಸ್‌ವರ್ಡು ಅಂಚೆ ಕಾರ್ಡಿನ ಬರಹದಂತೆ, ದಾರಿಯಲ್ಲಿದ್ದವರು ಓದುವ ಹಾಗೆ ಸಾಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳ ಕಳವಾದಾಗ, ಅಲ್ಲಿನ ತಾತು ಯಲೋನೆನ್ ಅವರು ಎಸ್‌ಎಸ್‌ಎಚ್ ರಚಿಸಿದರು. ಇದರಲ್ಲಿ ಮಾತುಕತೆಯೆಲ್ಲ ಗೂಢಲಿಪಿಯಲ್ಲೇ ನಡೆಯುತ್ತದೆ. ಎಫ್‌ಟಿಪಿಯ 21, ಟೆಲ್‌ನೆಟ್‌ನ 23, ಇವೆರಡರ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಅವರು ಕೇಳಿ ಪಡೆದರು.

ಆದರೆ ಎಸ್‌ಎಸ್‌ಎಚ್ ಇದ್ದರೂ ಪಾಸ್‌ವರ್ಡನ್ನು ಊಹಿಸಿ ಊಹಿಸಿ ಬಾಗಿಲು ತಟ್ಟುವ ಯಂತ್ರಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಅವು ಮೊದಲು ತಟ್ಟುವ ಹೆಸರೇ ರೂಟ್. ಆದ್ದರಿಂದ ಪಾಸ್‌ವರ್ಡಿನ ಬದಲು ಕೀಲಿಜೋಡಿ ಬಳಸಿ. ‘ಎಸ್‌ಎಸ್‌ಎಚ್ ಕೀಜೆನ್’ ಎಂಬ ಆದೇಶ ಕೊಟ್ಟರೆ ಎರಡು ಕಡತಗಳು ಹುಟ್ಟುತ್ತವೆ. ಒಂದು ಬೀಗವಿದ್ದಂತೆ, ಅದನ್ನು ಸರ್ವರ್‌ನಲ್ಲಿ ನಿಮ್ಮ ಖಾತೆಗೆ ಹಾಕಿಡಿ, ಯಾರು ನೋಡಿದರೂ ಚಿಂತೆಯಿಲ್ಲ. ಇನ್ನೊಂದು ಕೀಲಿಕೈ. ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಡಬಾರದು, ಅದಕ್ಕೂ ಒಂದು ಗುಪ್ತವಾಕ್ಯ ಇರಲಿ. ಇಮೇಲ್‌ನಲ್ಲಿ ಕಳಿಸಿದ ಕೀಲಿಕೈ ಕೀಲಿಕೈಯೇ ಅಲ್ಲ!

ಮೊದಲ ಸಲ ಸಂಪರ್ಕಿಸುವಾಗ ಸರ್ವರ್ ತನ್ನ ಬೆರಳಚ್ಚು ತೋರಿಸಿ ‘ಒಪ್ಪಿಗೆಯೇ?’ ಎನ್ನುತ್ತದೆ. ಬಹಳ ಜನ ಓದದೇ ಹೌದೆನ್ನುತ್ತಾರೆ. ಬಾಡಿಗೆ ಕೊಟ್ಟವರ ಕನ್ಸೋಲ್‌ನಲ್ಲಿ ಕಾಣುವ ಬೆರಳಚ್ಚಿನೊಂದಿಗೆ ಹೋಲಿಸಿ ನೋಡಿ, ಎರಡು ನಿಮಿಷದ ಕೆಲಸ.

ಒಳಗೆ ಹೋಗುವುದು ನಿಮ್ಮ ಹೆಸರಿನಲ್ಲೇ. ರೂಟ್‌ನ ಅಧಿಕಾರ ಬೇಕಾದ ಆದೇಶದ ಮುಂದೆ ಮಾತ್ರ ‘ಸುಡೊ’ ಎಂದು ಸೇರಿಸಿ. ಅದು ಸಾಮಾನ್ಯವಾಗಿ ಕೇಳುವುದು ನಿಮ್ಮದೇ ಪಾಸ್‌ವರ್ಡನ್ನು, ರೂಟ್‌ನದ್ದನ್ನಲ್ಲ. ಯಾರು, ಎಷ್ಟು ಹೊತ್ತಿಗೆ, ಯಾವ ಆದೇಶ ಕೊಟ್ಟರು ಎಂಬುದು ದಾಖಲಾಗುತ್ತದೆ. (ಸುಡೊ ಹೇಳಿ ರೂಟ್‌ನ ಶೆಲ್ಲಿನಲ್ಲೇ ಕೂತುಬಿಟ್ಟರೆ ಮಾತ್ರ ಮುಂದಿನದು ಹೀಗೆ ಬರೆದುಕೊಳ್ಳುವುದಿಲ್ಲ.) ಒಬ್ಬರು ಕೆಲಸ ಬಿಟ್ಟರೆ ಅವರ ಖಾತೆ ಮುಚ್ಚಿ, ಅವರ ಬೀಗ ತೆಗೆದರಾಯಿತು, ಉಳಿದ ಮೂವರು ಏನನ್ನೂ ಬದಲಿಸಬೇಕಿಲ್ಲ.

ಇಷ್ಟಾದ ಮೇಲೆ ಸಂರಚನೆಯ ಕಡತದಲ್ಲಿ ‘ಪರ್ಮಿಟ್ ರೂಟ್ ಲಾಗಿನ್’, ‘ಪಾಸ್‌ವರ್ಡ್ ಅಥೆಂಟಿಕೇಶನ್’ ಎರಡಕ್ಕೂ ‘ನೋ’ ಎಂದು ಬರೆಯಿರಿ. ಇಲ್ಲಿ ಅವಸರ ಬೇಡ. ಬಾಗಿಲು ಹಾಕಿಕೊಂಡು ತಾವೇ ಹೊರಗುಳಿಯುವವರು ಹೆಚ್ಚಾಗಿ ಈ ಹಂತದಲ್ಲೇ. ತೆರೆದಿರುವ ಕಿಟಕಿಯನ್ನು ಮುಚ್ಚದೆ, ‘ಎಸ್‌ಎಸ್‌ಎಚ್‌ಡಿ -ಟಿ’ ಆದೇಶದಿಂದ ಕಡತದಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸಿ, ಸೇವೆಯನ್ನು ಮರುಲೋಡ್ ಮಾಡಿ. ಬಳಿಕ ಇನ್ನೊಂದು ಕಿಟಕಿ ತೆರೆದು ಹೊಸದಾಗಿ ಪ್ರವೇಶಿಸಿ, ಸುಡೊ ಕೂಡ ನಡೆಯುತ್ತದೆಯೇ ನೋಡಿ. ಎರಡೂ ಸರಿಯಾದ ಮೇಲೆ ಹಳೆಯ ಕಿಟಕಿ ಮುಚ್ಚಿ, ಚೀಟಿಯನ್ನೂ ಹರಿದುಹಾಕಿ.